ಜ್ವರ ಬಂದವನು ಆಫೀಸಿಗೆ ಯಾಕೆ ಬಂದ?

ಮಳೆಗಾಲ ಶುರುವಾಗಿ ಎರಡು ವಾರ ಕಳೆಯೋದ್ರೊಳಗೆ ಎಚ್‌ಆರ್ ಕಡೆಯಿಂದ ಒಂದು ಮೇಲ್ ಬರುತ್ತೆ. ನಾನು ಬೆಂಗಳೂರಲ್ಲಿ ಇಲ್ಲೀವರೆಗೆ ನಾಲ್ಕು ಕಂಪನಿಗಳಲ್ಲಿ ಕೆಲಸ ಮಾಡಿದ್ದೀನಿ, ನಾಲ್ಕರಲ್ಲೂ ಈ ಮೇಲ್ ಓದಿದ್ದೀನಿ. ಕಂಪನಿ ಬದಲಾದರೂ ಮೇಲ್ ಬದಲಾಗಲ್ಲ. ಮೇಲುಗಡೆ ಛತ್ರಿ ಹಿಡಿದ ಹುಡುಗಿಯ ಚಿತ್ರ. ಕೆಳಗೆ ಐದಾರು ಸಾಲು. ಕೈ ತೊಳೆಯಿರಿ, ಕೆಮ್ಮುವಾಗ ಮೊಣಕೈ ಅಡ್ಡ ಹಿಡಿಯಿರಿ, ಬಿಸಿನೀರು ಕುಡಿಯಿರಿ. ಆಮೇಲೆ ಮುಖ್ಯವಾದ ಮಾತು: ನಿಮಗೆ ಹುಷಾರಿಲ್ಲದಿದ್ದರೆ ದಯವಿಟ್ಟು ಮನೆಯಲ್ಲೇ ಇದ್ದು ವಿಶ್ರಾಂತಿ ಪಡೆಯಿರಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ಈ ದಿನಗಳನ್ನು ನಿಮ್ಮ ಖಾತೆಯ ರಜೆಗಳಿಂದ ಕಳೆಯಲಾಗುವುದು, ಮ್ಯಾನೇಜರ್ ಅನುಮತಿ ಕಡ್ಡಾಯ, ಎರಡು ದಿನಕ್ಕಿಂತ ಹೆಚ್ಚಾದರೆ ಡಾಕ್ಟರ್ ಸರ್ಟಿಫಿಕೇಟ್ ಲಗತ್ತಿಸಿ.

ಕವಿತೆ ವಿಮರ್ಶೆ ಮಾಡೋರು ಒಂದೊಂದು ಪದ ಹಿಡಿದು ಕೂರ್ತಾರಲ್ಲ, ಹಾಗೆ ಈ ಮೇಲನ್ನು ಒಂದ್ಸಲ ಓದಬೇಕು ಅಂತ ನನಗೆ ಬಹಳ ದಿನದ ಆಸೆ. ನಾನು ಕನ್ನಡ ಮೇಷ್ಟ್ರಲ್ಲ, ಬಿಇ ಓದಿದವನು. ಆದ್ರೂ ಹೈಸ್ಕೂಲಿನ ವ್ಯಾಕರಣ ಇನ್ನೂ ಪೂರ್ತಿ ಮರೆತಿಲ್ಲ. ತೊಳೆಯಿರಿ, ಹಿಡಿಯಿರಿ, ಕುಡಿಯಿರಿ, ಇರಿ, ಲಗತ್ತಿಸಿ: ಇಷ್ಟೂ ಕ್ರಿಯಾಪದಗಳಿಗೆ ಕರ್ತೃ ನೀವು. ಕಂಪನಿ ಬರೋದು ಒಂದೇ ಕಡೆ, ‘ಕಳೆಯಲಾಗುವುದು’ ಅನ್ನೋ ಕರ್ಮಣಿ ಪ್ರಯೋಗದಲ್ಲಿ. ಅಲ್ಲೂ ಹೆಸರಿಲ್ಲ. ಯಾರು ಕಳೀತಾರೆ? ತಾನಾಗೇ ಕಳೆದುಹೋಗುತ್ತೆ, ಅಷ್ಟೇ. (ಮೇಲ್ ಇರೋದು ಇಂಗ್ಲಿಷಿನಲ್ಲಿ, ಕನ್ನಡ ನಂದು. ಇಂಗ್ಲಿಷಲ್ಲೂ ಇದೇ ಕತೆ.) ಮನೇಲಿರಿ ಅನ್ನೋದಕ್ಕೆ ‘ದಯವಿಟ್ಟು’, ಇದ್ದರೆ ಏನು ಕಳ್ಕೋತೀರಿ ಅನ್ನೋದಕ್ಕೆ ‘ಕಡ್ಡಾಯ’. ಒಂದು ಸಲಹೆ, ಇನ್ನೊಂದು ನಿಯಮ. ಓದೋನು ಯಾವುದನ್ನ ಗಂಭೀರವಾಗಿ ತಗೋತಾನೆ ನೀವೇ ಹೇಳಿ.

2023ರ ಜುಲೈ–ಆಗಸ್ಟ್‌ನಲ್ಲಿ ಊರಿಗೆಲ್ಲ ಮದ್ರಾಸ್ ಐ ಬಂತಲ್ಲ, ಆಗ ನಮ್ಮ ಕೆಫೆಟೇರಿಯಾ ನೋಡಬೇಕಿತ್ತು. ಮಧ್ಯಾಹ್ನದ ಊಟಕ್ಕೆ ಒಂದು ಟೇಬಲ್ಲಿನ ತುಂಬ ಕೂಲಿಂಗ್ ಗ್ಲಾಸ್ ಹಾಕಿದ ಜನ, ಯಾವುದೋ ಸಿನಿಮಾ ವಿಲನ್ ಗ್ಯಾಂಗ್ ಥರ. ಕಣ್ಣು ನೋಡಿದ್ರೆ ಅಂಟುತ್ತೆ ಅಂತ ಎಲ್ಲರೂ ಮುಖ ತಿರುಗಿಸಿಕೊಂಡು, ಅದೇ ಸಾಂಬಾರಿನ ಸೌಟನ್ನ ಒಬ್ಬರಾದ ಮೇಲೆ ಒಬ್ಬರು ಹಿಡೀತಿದ್ರು. ಅದು ಅಂಟೋದು ಕೈಯಿಂದ, ನೋಟದಿಂದಲ್ಲ. ಕಣ್ಣು ಬೇನೆಗೆ ಯಾರೂ ಸಾಯಲ್ಲ, ಅದಕ್ಕೇ ನಗಬಹುದು. ಎಲ್ಲಾ ಕಾಯಿಲೇನೂ ಹಂಗಿರಲ್ಲ.

ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ನಡೆದದ್ದು ಹೇಳ್ತೀನಿ. ಶುಕ್ರವಾರ ರಾತ್ರಿ ರಿಲೀಸ್ ಇತ್ತು. ಟೀಮಿಗೆ ಸೇರಿ ಎರಡೂವರೆ ತಿಂಗಳಾಗಿದ್ದ ಹುಡುಗನಿಗೆ ಬುಧವಾರವೇ ಜ್ವರ. ಡೋಲೊ ನುಂಗಿ ಬಂದ. ಗುರುವಾರವೂ ಬಂದ. ಸಂಜೆ ಕಾಲ್‌ನಲ್ಲಿ ಮ್ಯಾನೇಜರ್ ಎಲ್ಲರ ಮುಂದೆ, ನೋಡಿ ಜ್ವರ ಇಟ್ಕೊಂಡು ಬಂದು ಕೂತಿದ್ದಾನೆ, ಕಮಿಟ್‌ಮೆಂಟ್ ಅಂದ್ರೆ ಇದು ಅಂತ ಹೊಗಳಿದ್ರು. ಶುಕ್ರವಾರ ಬೆಳಿಗ್ಗೆ ಕುತ್ತಿಗೆ ಮೇಲೆ ನಾಲ್ಕು ಗುಳ್ಳೆ. ಪೀಜಿಯಲ್ಲಿ ಸೊಳ್ಳೆ ಸಾರ್ ಅಂದ. ಮಧ್ಯಾಹ್ನದ ಹೊತ್ತಿಗೆ ಹಣೆ, ಬೆನ್ನು, ಎಲ್ಲ ಕಡೆ. ಚಿಕನ್‌ಪಾಕ್ಸ್. ಗುಳ್ಳೆ ಕಾಣಿಸೋಕೆ ಒಂದೆರಡು ದಿನ ಮುಂಚೆಯಿಂದಲೇ ಅದು ಅಂಟೋಕೆ ಶುರು ಮಾಡಿರುತ್ತೆ, ಗಾಳಿಯಲ್ಲೇ ಹೋಗುತ್ತೆ. ಕಿಟಕಿ ತೆಗೆಯಲಾಗದ ಎಸಿ ಫ್ಲೋರು. ಅಂದ್ರೆ ಹೊಗಳಿಸಿಕೊಂಡ ಆ ಗುರುವಾರ ಪೂರ್ತಿ ಅವನು ಅದನ್ನ ಹಂಚಿದ್ದ.

ಎರಡು ವಾರ ಕಳೆದ ಮೇಲೆ ಟೀಮಿನ ಮೂವರು ಮಲಗಿದ್ರು. ಅವರಲ್ಲಿ ಒಬ್ಬರಿಗೆ ನಲವತ್ತು ದಾಟಿತ್ತು. ದೊಡ್ಡವರಿಗೆ ಬಂದ್ರೆ ಇದು ಮಕ್ಕಳಿಗೆ ಬಂದಷ್ಟು ಸಲೀಸಲ್ಲ. ಅವರು ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ್ರು. ಪಕ್ಕದ ಸಾಲಿನಲ್ಲಿ ಕೂರ್ತಿದ್ದ ಒಬ್ಬ ಸಹೋದ್ಯೋಗಿ ಐದು ತಿಂಗಳ ಬಸುರಿ. ಶುಕ್ರವಾರವೇ ಮ್ಯಾನೇಜರ್‌ಗೆ ಗೊತ್ತಿತ್ತು, ಎಚ್‌ಆರ್‌ಗೂ ಗೊತ್ತಿತ್ತು. ಆದ್ರೆ ಆಕೆಗೆ ಗೊತ್ತಾಗಿದ್ದು ಮಂಗಳವಾರ, ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಯಾರೋ ಗೆಟ್ ವೆಲ್ ಸೂನ್ ಅಂತ ಹಾಕಿದಾಗ. ಅಮ್ಮ ಆಗದ ಬಸುರಿ ಹೆಂಗಸಿಗೆ ಸೋಂಕಿನ ಹತ್ತಿರ ಹೋಗಿ ಹತ್ತು ದಿನದೊಳಗೆ ಕೊಡಬೇಕಾದ ಒಂದು ಇಂಜೆಕ್ಷನ್ ಇದೆ. ಆ ಹತ್ತು ದಿನದಲ್ಲಿ ನಾಲ್ಕೈದು ದಿನವನ್ನ ‘ಉದ್ಯೋಗಿಯ ಖಾಸಗಿತನ’ ಅನ್ನೋ ಹೆಸರಲ್ಲಿ ಕಂಪನಿ ತಿಂದು ಹಾಕಿತ್ತು. ಯಾರಿಗೆ ಅಂತ ಹೆಸರು ಹೇಳೋದು ಬೇಡ ಕಣ್ರೀ, ಈ ಫ್ಲೋರಿನಲ್ಲಿ ಒಂದು ಕೇಸ್ ಇದೆ ಅಂತ ಒಂದು ಸಾಲು ಸಾಕಿತ್ತು. ಆಕೆಯ ರಕ್ತ ಪರೀಕ್ಷೆಯಲ್ಲಿ ಚಿಕ್ಕಂದಿನಲ್ಲೇ ಬಂದುಹೋಗಿದೆ ಅಂತ ಗೊತ್ತಾಯ್ತು. ರಿಪೋರ್ಟ್ ಬರೋವರೆಗಿನ ಎರಡು ದಿನ ಆಕೆ ಹೇಗಿದ್ರು ಅಂತ ನಾನು ಕೇಳಲಿಲ್ಲ, ಕೇಳೋ ಅಂಥದ್ದೂ ಅಲ್ಲ.

ಆಮೇಲೆ ಇಡೀ ಫ್ಲೋರಿನಲ್ಲಿ ಒಂದೇ ಪ್ರಶ್ನೆ. ಜ್ವರ ಇದ್ದೋನು ಯಾಕೆ ಬಂದ? ಬುದ್ಧಿ ಬೇಡ್ವಾ? ಗುರುವಾರ ಹೊಗಳಿದ ಬಾಯಲ್ಲೇ ಸೋಮವಾರ, ಪೀಪಲ್ ಶುಡ್ ಬಿ ರೆಸ್ಪಾನ್ಸಿಬಲ್.

ಯಾಕೆ ಬಂದ ಅನ್ನೋದು ಗುಟ್ಟೇನಲ್ಲ, ಅವನ ರಜೆ ಪುಟ ತೆರೆದ್ರೆ ಕಾಣ್ತಿತ್ತು. ಆ ಕಂಪನಿಯಲ್ಲಿ ತಿಂಗಳಿಗೆ ಒಂದರಂತೆ ರಜೆ ಜಮಾ ಆಗೋದು. ಅವನ ಖಾತೆಗೆ ಬಂದಿದ್ದು ಎರಡು. ಅದರಲ್ಲಿ ಒಂದು ತಂಗಿಯ ಸೀಟಿನ ಕೌನ್ಸೆಲಿಂಗಿಗೆ ಹೋಗಿತ್ತು. ಮಿಕ್ಕಿದ್ದು ಒಂದು. ಮೇಲೆ ಹೋದ್ರೆ ಸಂಬಳ ಕಟ್. ಪ್ರೊಬೇಷನ್ ಬೇರೆ, ಕನ್ಫರ್ಮ್ ಮಾಡೋರು ಅದೇ ಮ್ಯಾನೇಜರ್, ಅದೂ ರಿಲೀಸ್ ವಾರ. ಇಷ್ಟು ಷರತ್ತು ಕೊಟ್ಟು ಇದಕ್ಕೊಂದು ಪ್ರೋಗ್ರಾಂ ಬರಿ ಅಂದ್ರೆ ಯಾವ ಎಂಜಿನಿಯರ್ ಬರೆದ್ರೂ ಔಟ್‌ಪುಟ್ ಒಂದೇ: ಡೋಲೊ ನುಂಗು, ಹೊರಡು. ಅವನು ಬುದ್ಧಿ ಇಲ್ಲದೆ ಬರಲಿಲ್ಲ. ಕಂಪನಿಯವರು ಹಾಕಿಕೊಟ್ಟ ಲೆಕ್ಕವನ್ನ ಸರಿಯಾಗಿ ಮಾಡಿ ಬಂದ.

ಇಷ್ಟರಲ್ಲೇ ಮುಗಿದಿದ್ರೆ ಇದನ್ನ ನಾನು ಬರೀತಾನೂ ಇರ್ಲಿಲ್ಲವೇನೋ. ನಮ್ಮ ಫ್ಲೋರಿನ ಹೌಸ್‌ಕೀಪಿಂಗ್‌ಗೆ ಒಬ್ಬ ಅಕ್ಕ ಬರ್ತಿದ್ರು. ಹಾಸನದ ಕಡೆಯೋರು, ನಾನು ಅರಸೀಕೆರೆ ಕಡೆಯೋನು, ಹಾಗಾಗಿ ಊರ ಕಡೆ ಮಳೆ ಆಯ್ತಾ, ರಾಗಿ ಹೆಂಗಿದೆ ಅಂತ ಮಾತಾಡ್ತಿದ್ವಿ. ಮೂರು ವಾರ ಕಾಣಲೇ ಇಲ್ಲ, ಬೇರೆ ಯಾರೋ ಬಂದು ಒರೆಸಿ ಹೋಗ್ತಿದ್ರು. ಆಮೇಲೊಂದಿನ ಲಿಫ್ಟ್ ಹತ್ರ ಸಿಕ್ಕಾಗ, ಏನಕ್ಕಾ ಕಾಣ್ಲೇ ಇಲ್ಲ ಅಂದೆ.

‘ಅಮ್ಮ ಆಗಿತ್ತು ಕಣಣ್ಣ. ನಂಗಾಯ್ತು, ಆಮೇಕೆ ಚಿಕ್ಕವಳಿಗೆ ಆಯ್ತು. ಏಜೆನ್ಸಿಯೋರು ಇಪ್ಪತ್ತು ದಿನದ್ದು ಹಿಡ್ಕಂಡವ್ರೆ.’

ಟೀಮಿನವರ ಲೆಕ್ಕದಲ್ಲಿ ಸೋಂಕು ತಗುಲಿದ್ದು ಮೂವರಿಗೆ. ನಾಲ್ಕನೆಯವರು, ಐದನೆಯ ಮಗು, ಯಾವ ಮೇಲಲ್ಲೂ ಇಲ್ಲ. ಹುಡುಗನ ಡೆಸ್ಕನ್ನ ಪ್ರತಿ ಸಂಜೆ ಒರೆಸಿದ್ದು ಆ ಅಕ್ಕನೇ.

‘ಅಮ್ಮ ಆಗಿತ್ತು’ ಅನ್ನೋ ಮಾತು ಕೇಳಿ ಎಷ್ಟೋ ವರ್ಷ ಆಗಿತ್ತು. ಗೊತ್ತಿಲ್ಲದವರಿಗೆ ಒಂಚೂರು ಹೇಳ್ತೀನಿ. ನಮ್ಮ ಕಡೆ ಚಿಕನ್‌ಪಾಕ್ಸ್‌ಗೆ ಕಾಯಿಲೆ ಅನ್ನಲ್ಲ, ಅಮ್ಮ ಅಂತಾರೆ. ಮನೇಲಿ ಒಬ್ಬರಿಗೆ ಅಮ್ಮ ಆದ ತಕ್ಷಣ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸ್ತಾರೆ. ಸೊಪ್ಪು ಕಂಡ್ರೆ ಹೊರಗಿನೋರು ಒಳಗೆ ಬರಲ್ಲ. ಮನೆಯೋರು ಮದುವೆ, ದೇವಸ್ಥಾನಕ್ಕೆ ಹೋಗಲ್ಲ. ಒಗ್ಗರಣೆ ಹಾಕೋ ಹಾಗಿಲ್ಲ. ಗುಳ್ಳೆ ಎಲ್ಲ ಒಣಗಿ ಸಿಪ್ಪೆ ಉದುರೋಕೆ ಶುರುವಾದ ಮೇಲೆ ಬೇವಿನ ನೀರು ಹಾಕಿ, ಸೊಪ್ಪು ತೆಗೀತಾರೆ. ಡಾಕ್ಟರು ಹೇಳೋದೂ ಅದನ್ನೇ ತಾನೆ: ಎಲ್ಲಾ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟೋವರೆಗೆ ಹೊರಗೆ ಹೋಗಬೇಡಿ ಅಂತ. ದೇವಿ ಕೋಪ ಅನ್ನೋದನ್ನ ನಾನು ನಂಬಲ್ಲ. ಆದ್ರೆ ಬಾಗಿಲಿಗೆ ಸಿಕ್ಕಿಸಿದ ಆ ಸೊಪ್ಪು ನಮ್ಮ ಎಚ್‌ಆರ್ ಮೇಲ್‌ಗಿಂತ ಒಳ್ಳೆ ನೋಟೀಸು. ಅದು ಯಾರನ್ನೂ ದೂರಲ್ಲ, ಬರೋರಿಗೆಲ್ಲ ಮೊದಲೇ ತಿಳಿಸುತ್ತೆ.

ಇನ್ನೊಂದು ವಿಷಯ ಇದೆ. ಹೊಲ ಇರೋ ಮನೇಲಿ ಅಮ್ಮ ಆಯ್ತು ಅಂದ್ರೆ ಕಳೆ ತೆಗೆಯೋದು ನಿಲ್ತಿರ್ಲಿಲ್ಲ. ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿಮ್ಮ ಹೊಲಕ್ಕೆ ನಾವು, ಇನ್ನೊಂದಿನ ನಮ್ಮ ಹೊಲಕ್ಕೆ ನೀವು. ಮಲಗಿದೋರ ಕೆಲಸ ಬೇರೆಯೋರ ಕೈಯಲ್ಲಿ ಆಗ್ತಿತ್ತು, ಸಾಲ ಆಮೇಲೆ ತೀರ್ತಿತ್ತು. ಸಿಕ್ ಲೀವ್ ಅನ್ನೋ ಪದ ಗೊತ್ತಿಲ್ಲದೆ ಸಿಕ್ ಲೀವ್ ಕೊಟ್ಟಿದ್ದ ಊರು ಅದು.

ಹಾಗಂತ ಹಳ್ಳಿ ಸ್ವರ್ಗ ಅಂತ ಹೇಳೋಕೆ ಹೊರಟಿಲ್ಲ. ಅಲ್ಲೇ ಹುಟ್ಟಿ ಬೆಳೆದೋನಿಗೆ ಅಷ್ಟು ಸುಲಭಕ್ಕೆ ಅದು ಆಗಲ್ಲ. ಮುಯ್ಯಿ ಇದ್ದಿದ್ದು ಹೊಲ ಇದ್ದೋರಿಗೆ. ಕೂಲಿಗೆ ಹೋಗೋರ ಮನೇಲಿ ಅಮ್ಮ ಆದ್ರೆ ಅವರ ಬದಲು ಯಾರು ಕೂಲಿ ಮಾಡಿ ದುಡ್ಡು ತಂದುಕೊಡ್ತಾರೆ? ಆ ಬಾಗಿಲುಗಳಲ್ಲಿ ಬೇವಿನ ಸೊಪ್ಪು ಮೂರನೇ ದಿನಕ್ಕೇ ಕೆಳಗಿಳಿಯೋದು. ಮೈಮೇಲೆ ಗುಳ್ಳೆ ಇದ್ದಂಗೇ ಸೆರಗು ಹೊದ್ದು ಕಳೆಗೆ ಬರೋರು, ಹೊಲದೋರು ಕಂಡೂ ಕಾಣದ ಹಾಗೆ ಇರೋರು. ಆಗಲೂ ಊರವರು ಕೇಳ್ತಿದ್ದಿದ್ದು ಅದೇ: ಅವಳಿಗೆ ಬುದ್ಧಿ ಬೇಡ್ವಾ?

ಬಂದೋರನ್ನ ಬೈಯೋ ಈ ಚಟ ನಮ್ಮದು ಮಾತ್ರ ಅಲ್ಲ. ‘ಟೈಫಾಯ್ಡ್ ಮೇರಿ’ ಹೆಸರು ಕೇಳಿರ್ತೀರಿ. ಐರ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ಸಾಹುಕಾರರ ಮನೆಗಳಲ್ಲಿ ಅಡುಗೆ ಮಾಡ್ತಿದ್ದ ಮೇರಿ ಮ್ಯಾಲನ್. 1906ರಲ್ಲಿ ನ್ಯೂಯಾರ್ಕಿನ ಹತ್ತಿರ ಆಯ್ಸ್‌ಟರ್ ಬೇ ಅನ್ನೋ ಕಡೆ, ಬೇಸಿಗೆ ಕಳೆಯೋಕೆ ಬಂದಿದ್ದ ಬ್ಯಾಂಕರ್ ಒಬ್ಬರ ಮನೇಲಿ ಹನ್ನೊಂದು ಜನರಲ್ಲಿ ಆರು ಜನಕ್ಕೆ ಟೈಫಾಯ್ಡ್ ಆಯ್ತು. ಜಾರ್ಜ್ ಸೋಪರ್ ಅನ್ನೋ ಎಂಜಿನಿಯರ್ ಹುಡುಕ್ತಾ ಹೋಗಿ ಈಕೆಯನ್ನ ಹಿಡಿದ. ಆಕೆಗೆ ರೋಗದ ಲಕ್ಷಣವೇ ಇರಲಿಲ್ಲ, ರೋಗಾಣು ಮಾತ್ರ ಒಳಗಿತ್ತು. ಗಟ್ಟಿಮುಟ್ಟಾಗಿರೋ ನನಗೇನು ಕಾಯಿಲೆ ಅಂತ ಆಕೆ ಕೊನೇವರೆಗೂ ಒಪ್ಪಲಿಲ್ಲ. 1907ರಿಂದ ಮೂರು ವರ್ಷ ನಾರ್ತ್ ಬ್ರದರ್ ಅನ್ನೋ ದ್ವೀಪದಲ್ಲಿ ಕೂಡಿ ಹಾಕಿದ್ರು. 1910ರಲ್ಲಿ, ಇನ್ಮೇಲೆ ಅಡುಗೆ ಕೆಲಸ ಮಾಡಲ್ಲ ಅಂತ ಮಾತು ತಗೊಂಡು ಬಿಟ್ರು.

ಕತೆ ಹೇಳೋರು ಇಲ್ಲಿಂದ ನೇರ 1915ಕ್ಕೆ ಹಾರ್ತಾರೆ. ಮಾತು ಮುರಿದಳು, ಹೆಸರು ಬದಲಿಸಿಕೊಂಡು ನ್ಯೂಯಾರ್ಕಿನ ಹೆರಿಗೆ ಆಸ್ಪತ್ರೆಯೊಂದರ ಅಡುಗೆಮನೆ ಸೇರಿದಳು, 25 ಜನಕ್ಕೆ ಅಂಟಿಸಿದಳು, ಇಬ್ಬರು ಸತ್ತರು. ಎಲ್ಲಾ ನಿಜ. ಮತ್ತೆ ಹಿಡಿದು ಅದೇ ದ್ವೀಪಕ್ಕೆ ಹಾಕಿದ್ರು, 1938ರಲ್ಲಿ ಸಾಯೋವರೆಗೂ ಅಲ್ಲೇ ಇದ್ದಳು. ನನ್ನನ್ನ ಕಾಡೋದು ನಡುವಿನ ಐದು ವರ್ಷ. ಅಡುಗೆ ಬಿಡು ಅಂದ ಮೇಲೆ ಆಕೆ ಬಟ್ಟೆ ಒಗೆಯೋ ಕೆಲಸಕ್ಕೆ ಹೋದಳು. ಅಡುಗೆಯವಳಿಗೆ ಸಿಗೋ ಸಂಬಳ ಒಗೆಯೋಳಿಗೆ ಸಿಗಲ್ಲ. ಕೈಲಿದ್ದ ಒಂದೇ ಒಳ್ಳೆ ಕಸುಬನ್ನ ಊರಿನ ಒಳ್ಳೆಯದಕ್ಕೆ ಅಂತ ಬಿಡಿಸಿದವರು, ಆ ಕಸುಬಿನ ಬೆಲೆ ಕಟ್ಟಿಕೊಡಲಿಲ್ಲ. ಎರಡನೇ ಸಲ ಆಕೆ ಮಾಡಿದ್ದನ್ನ ಸರಿ ಅನ್ನೋಕೆ ನನಗೆ ಆಗಲ್ಲ, ಆ ಹೊತ್ತಿಗೆ ಆಕೆಗೆ ಸಾಕಷ್ಟು ಸಲ ಹೇಳಲಾಗಿತ್ತು. ಆದ್ರೆ ಡಿಕ್ಷನರಿಯಲ್ಲಿ ಸೇರಿರೋದು ಅಡುಗೆಯವಳ ಹೆಸರು ಮಾತ್ರ. ಸಂಬಳ ಉಳಿಸಿಕೊಂಡವರ ಹೆಸರಲ್ಲಿ ಯಾವ ನುಡಿಗಟ್ಟೂ ಹುಟ್ಟಲಿಲ್ಲ.

ನಮ್ಮಲ್ಲೂ ನೋಡಿ. 2020ರ ಮಾರ್ಚ್ ಕೊನೆಗೆ ನಂಜನಗೂಡಿನ ಔಷಧಿ ಕಾರ್ಖಾನೆಯ ಒಬ್ಬ ನೌಕರನಿಗೆ ಕೋವಿಡ್ ಅಂತ ಗೊತ್ತಾಯ್ತು. ಆಮೇಲೆ ಆ ಕಾರ್ಖಾನೆಯ ನಂಟಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನಕ್ಕೆ ಬಂತು. ಟೀವಿಯಲ್ಲಿ ವಾರಗಟ್ಟಲೆ ಒಂದೇ ಹುಡುಕಾಟ: ಇವನಿಗೆ ಎಲ್ಲಿಂದ ಬಂತು, ಇವನು ಎಲ್ಲೆಲ್ಲಿ ಓಡಾಡಿದ. ಅದೇ ತಿಂಗಳ ಕೊನೆಯಲ್ಲಿ ದೇಶದ ಯಾವುದೇ ಕಾರ್ಖಾನೆಯ ಕಾರ್ಮಿಕನಿಗೆ ಕೆಮ್ಮು ಬಂದಿದ್ರೆ ಎಷ್ಟು ದಿನ ಸಂಬಳ ಕಟ್ಟಾಗದೆ ಮನೇಲಿ ಇರಬಹುದಿತ್ತು? ಆ ಪ್ರಶ್ನೆ ಇಟ್ಕೊಂಡು ಒಂದು ಪ್ಯಾನಲ್ ಚರ್ಚೆ ಆಗಿದ್ದು ನಾನಂತೂ ನೋಡಲಿಲ್ಲ.

ಉತ್ತರ ಕಾನೂನಿನ ಪುಸ್ತಕದಲ್ಲಿದೆ. ಕರ್ನಾಟಕದಲ್ಲಿ ನಮ್ಮಂಥ ಆಫೀಸಿನೋರಿಗೆ ಅನ್ವಯ ಆಗೋದು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ. ಅದರಲ್ಲಿ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ ಇದೆ, ಕಾಯಿಲೆಗೆ, ಅಪಘಾತಕ್ಕೆ, ‘ಅಥವಾ ಬೇರೆ ಯಾವುದೇ ಸಮಂಜಸ ಕಾರಣಕ್ಕೆ’. ಆ ಕೊನೆಯ ಮಾತು ನೋಡೋಕೆ ಉದಾರ, ಬಳಸೋಕೆ ಹೋದ್ರೆ ಬಲೆ. ಜಾತ್ರೆ, ಮದುವೆ, ಮಗುವಿನ ಸ್ಕೂಲ್ ಅಡ್ಮಿಷನ್, ಅಪ್ಪನ ಕಣ್ಣಿನ ಆಪರೇಷನ್, ಎಲ್ಲಾ ಆ ಹನ್ನೆರಡರಲ್ಲೇ. ಡಿಸೆಂಬರ್‌ನಲ್ಲಿ ಜ್ವರ ಬಂದೋನಿಗೆ ಏನೂ ಉಳಿದಿರಲ್ಲ. ಜ್ವರಕ್ಕೆ ಅಂತಲೇ ಬೇರೆ ಡಬ್ಬಿ ಇಡಬೇಕು, ಅದಕ್ಕೆ ಮದುವೆ ಕೈ ಹಾಕಬಾರದು. ನಮ್ಮ ಅಜ್ಜಿ ಸಾಸಿವೆ ಡಬ್ಬೀಲಿ ದುಡ್ಡು ಬಚ್ಚಿಡ್ತಿದ್ದ ಲೆಕ್ಕ ಅದು.

ಫ್ಯಾಕ್ಟರಿಗೆ ಬನ್ನಿ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯಲ್ಲಿ 20 ದಿನ ದುಡಿದರೆ ಒಂದು ದಿನ ಗಳಿಕೆ ರಜೆ ಇತ್ತು, ಕಾಯಿಲೆ ರಜೆ ಅಂತ ಬೇರೆ ಇರಲಿಲ್ಲ. ಕಾಯಿಲೆಯನ್ನ ನೋಡಿಕೊಳ್ಳೋದು ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರು ಅದರ ಕೆಳಗೆ ಬರ್ತಾರೆ. ಒಳ್ಳೆ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇಕಡಾ 70 ಕೊಡುತ್ತೆ. ಟಿಬಿಯಂಥ ದೀರ್ಘ ಕಾಯಿಲೆಗಳಿಗೆ ಶೇಕಡಾ 80ರಂತೆ ಎರಡು ವರ್ಷದವರೆಗೂ ಸಿಗಬಹುದು. ಆ ಹಣ ತಗೋತಿರೋ ಅವಧಿಯಲ್ಲಿ ಮಾಲೀಕ ಕೆಲಸದಿಂದ ತೆಗೆಯೋ ಹಾಗಿಲ್ಲ.

ಆದ್ರೆ ಅದರೊಳಗೆ ಒಂದು ಸಾಲು ಇದೆ. ಕಾಯಿಲೆಯ ಮೊದಲ ಎರಡು ದಿನಕ್ಕೆ ಹಣ ಇಲ್ಲ. ಹದಿನೈದು ದಿನದೊಳಗೆ ಮತ್ತೆ ಮಲಗಿದ್ರೆ ಮಾತ್ರ ಈ ಕಾಯೋ ಅವಧಿ ಅನ್ವಯ ಆಗಲ್ಲ. ಇನ್ಶೂರೆನ್ಸ್ ಲೆಕ್ಕದಲ್ಲಿ ಇದು ಸರಿ ಇರಬಹುದು, ಸಣ್ಣಪುಟ್ಟ ಕ್ಲೇಮ್ ಎಲ್ಲ ಬರಬಾರದು ಅಂತ. ಕಾಯಿಲೆಯ ಲೆಕ್ಕದಲ್ಲಿ ನೋಡಿ: ಫ್ಲೂ ಜಾಸ್ತಿ ಹರಡೋದೇ ಲಕ್ಷಣ ಕಾಣಿಸಿಕೊಂಡ ಮೊದಲ ಮೂರು ದಿನ. ಯಾವ ದಿನಗಳಲ್ಲಿ ಆ ಮನುಷ್ಯ ಮನೇಲಿದ್ರೆ ಎಲ್ಲರಿಗೂ ಲಾಭವೋ, ಸರಿಯಾಗಿ ಅವೇ ದಿನಗಳಿಗೆ ಕಾನೂನು ದುಡ್ಡು ಕೊಡಲ್ಲ.

ಒಂದು ಉದಾಹರಣೆ ಲೆಕ್ಕ ಮಾಡೋಣ. ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ದಿನಕ್ಕೆ 450 ರೂಪಾಯಿ ಬೀಳೋ ಹೆಣ್ಣುಮಗಳು ಅಂತಿಟ್ಟುಕೊಳ್ಳಿ. ರಜೆ ಖಾತೆ ಖಾಲಿ. ಮೂರು ದಿನ ಜ್ವರ, ಹೋದ ಕೂಲಿ 1,350. ಇಎಸ್‌ಐ ಕೊಡೋದು ಮೂರನೇ ದಿನಕ್ಕೆ ಮಾತ್ರ, 315 ರೂಪಾಯಿ. ಅದಕ್ಕೆ ಡಿಸ್ಪೆನ್ಸರಿಗೆ ಹೋಗಿ, ಸಾಲಲ್ಲಿ ನಿಂತು, ಸರ್ಟಿಫಿಕೇಟ್ ತಗೋಬೇಕು. ಜ್ವರ ಇಟ್ಕೊಂಡೇ. ಎಷ್ಟೋ ಕಡೆ ಮೇಲಿಂದ ಹಾಜರಾತಿ ಬೋನಸ್ಸೂ ಹೋಗುತ್ತೆ. ತಿಂಗಳಲ್ಲಿ ಒಂದು ದಿನ ತಪ್ಪಿಸಿದ್ರೂ ಪೂರ್ತಿ ಖೋತಾ. ಈ ಹಾಜರಾತಿ ಬೋನಸ್ ಅನ್ನೋದನ್ನ ಕಂಡುಹಿಡಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅದರ ನಿಜವಾದ ಹೆಸರು ಜ್ವರದಲ್ಲೂ ಬಾ ಬೋನಸ್. ಇದು ಇಲ್ಲಿನ ಹುಚ್ಚು ಮಾತ್ರ ಅಲ್ಲ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಹಬ್ಬಿರೋವಾಗಲೇ, ಅಮೆರಿಕದ ಸ್ಮಿತ್‌ಫೀಲ್ಡ್ ಅನ್ನೋ ಮಾಂಸದ ಕಂಪನಿ ಶಿಫ್ಟ್ ತಪ್ಪಿಸದೆ ಬಂದವರಿಗೆ 500 ಡಾಲರ್ ಕೊಡ್ತೀವಿ ಅಂದಿತ್ತು. ಅದರ ಸೂ ಫಾಲ್ಸ್ ಕಾರ್ಖಾನೆ ಆ ತಿಂಗಳು ಇಡೀ ದೇಶದ ದೊಡ್ಡ ಹಾಟ್‌ಸ್ಪಾಟ್‌ಗಳಲ್ಲಿ ಒಂದಾಯ್ತು. ಬೋನಸ್ಸಿಗೆ ಇಟ್ಟ ಹೆಸರು ‘ರೆಸ್ಪಾನ್ಸಿಬಿಲಿಟಿ ಬೋನಸ್’.

ಈಗ ಮ್ಯಾನೇಜರುಗಳ ಮಾತೂ ಕೇಳೋಣ. ರಜೆ ಸಡಿಲ ಬಿಟ್ರೆ ಎಲ್ಲರಿಗೂ ಸೋಮವಾರವೇ ಜ್ವರ ಬರುತ್ತೆ ರೀ ಅಂತಾರೆ. ಬರುತ್ತೆ, ಸುಳ್ಳಲ್ಲ. ನನ್ನ ಜೊತೆ ಕೆಲಸ ಮಾಡಿದೋರಲ್ಲಿ ವಿಶ್ವಕಪ್ ಮ್ಯಾಚ್ ದಿನ ಹೊಟ್ಟೆನೋವು ಬರ್ತಿದ್ದ ಗಟ್ಟಿಗರಿದ್ದಾರೆ. ಆದ್ರೆ ಸುಳ್ಳು ಜ್ವರದಿಂದ ಹೋಗೋದು ಒಂದು ದಿನದ ಕೆಲಸ. ನಿಜವಾದ ಜ್ವರ ಆಫೀಸಿಗೆ ಬಂದ್ರೆ ಹೋಗೋದು ಎಷ್ಟು ಜನರ ಎಷ್ಟು ದಿನ? ಆ ಚಿಕನ್‌ಪಾಕ್ಸ್ ಲೆಕ್ಕವನ್ನೇ ತಗೊಳ್ಳಿ, ಹುಡುಗ ಮತ್ತು ಮೂವರು ಸೇರಿ ಐವತ್ತು ದಿನ ಹತ್ರ ಹತ್ರ ಹೋಯ್ತು. ಇನ್ನು ಒಂದೆರಡು ದಿನದ ಜ್ವರಕ್ಕೂ ಸರ್ಟಿಫಿಕೇಟ್ ಕೇಳೋ ಕಂಪನಿಗಳಿವೆ. ವೈರಲ್ ಜ್ವರದೋನಿಗೆ ಡಾಕ್ಟರ್ ಹೇಳೋದು ಮಲಗು ಅಂತಲೇ. ಆ ಒಂದು ಚೀಟಿಗೋಸ್ಕರ ಅವನು ಕ್ಲಿನಿಕ್ಕಿನ ಬೆಂಚಿನ ಮೇಲೆ, ಬಿಪಿ ತೋರಿಸೋಕೆ ಬಂದ ಮುದುಕರ ಪಕ್ಕ ಒಂದು ಗಂಟೆ ಕೂತು ಕೆಮ್ಮಬೇಕು.

ಕೋವಿಡ್ ಆದ ಮೇಲೆ ನಮ್ಮಂಥೋರಿಗೆ ಮನೆಯಿಂದ ಕೆಲಸ ಅನ್ನೋ ದಾರಿ ಸಿಕ್ತು. ಅಂಟೋದು ಕಮ್ಮಿ ಆಯ್ತು, ಒಪ್ಕೋತೀನಿ. ಆದ್ರೆ ಜೊತೆಗೆ ಜ್ವರ ಅನ್ನೋದು ರಜೆಗೆ ಕಾರಣವಾಗೋದೇ ನಿಂತುಹೋಯ್ತು. ಹುಷಾರಿಲ್ಲ ಅಂದ್ರೆ, ಓ ಹೌದಾ, ಮನೆಯಿಂದಲೇ ಲಾಗಿನ್ ಆಗಿ ಪರವಾಗಿಲ್ಲ ಅಂತಾರೆ, ಅದೂ ಉಪಕಾರ ಮಾಡಿದ ದನಿಯಲ್ಲಿ. ನಮ್ಮ ಜರ್ಮನಿಯ ಕ್ಲೈಂಟ್ ಟೀಮಿನಲ್ಲಿ ಒಬ್ಬರಿಗೆ ಫ್ಲೂ ಬಂದ್ರೆ ಒಂದು ಆಟೋರಿಪ್ಲೈ ಬರುತ್ತೆ, ಅಲ್ಲಿಗೆ ಮುಗೀತು. ಯಾರೂ ಫೋನ್ ಮಾಡಲ್ಲ, ಅವರ ಕೆಲಸ ಇನ್ನೊಬ್ಬರು ಎತ್ಕೋತಾರೆ. ಅಲ್ಲಿನ ಕಾನೂನಿನ ಪ್ರಕಾರ ಕಾಯಿಲೆ ಬಿದ್ದ ನೌಕರನಿಗೆ ಆರು ವಾರದವರೆಗೆ ಮಾಲೀಕನೇ ಪೂರ್ತಿ ಸಂಬಳ ಕೊಡಬೇಕು. ಅವರ ಜನ ಒಳ್ಳೆಯೋರು, ನಮ್ಮೋರು ಕೆಟ್ಟೋರು ಅಂತಲ್ಲ. ಒಬ್ಬ ಇಲ್ಲದಿದ್ರೆ ನಡೆಯೋ ಹಾಗೆ ಕೆಲಸ ಹಂಚಿರ್ತಾರೆ, ಯಾಕಂದ್ರೆ ಹಂಚದಿದ್ರೆ ಖರ್ಚು ಅವರದ್ದೇ. ನಾವು ಒಂದು ಸರ್ವರ್ ಇಟ್ರೆ ಪಕ್ಕದಲ್ಲಿ ಇನ್ನೊಂದು ಇಡ್ತೀವಿ, ಅದು ಬಿದ್ರೆ ಇದು ಏಳಲಿ ಅಂತ. ಒಂದೇ ಸರ್ವರ್ ಇಟ್ಟು ಡಿಸೈನ್ ತಂದೋನನ್ನ ರಿವ್ಯೂನಲ್ಲಿ ಹಿಂಡಿ ಹಾಕ್ತೀವಿ. ಅದೇ ರಿವ್ಯೂ ಮಾಡೋರು, ರಿಲೀಸಿಗೆ ಒಬ್ಬನೇ ಹುಡುಗನ್ನ ನೆಚ್ಚಿಕೊಂಡು ಕೂತಿರ್ತಾರೆ.

ಇನ್ನೊಂದು ಕಡೆ ಜೋಪಾನ ಬೇಕು. ಅಂಟುರೋಗ ಅಂದ ತಕ್ಷಣ ನೌಕರನನ್ನ ಹೊರಗೆ ಹಾಕೋದೇ ಜವಾಬ್ದಾರಿ ಅಂದ್ಕೊಂಡಿರೋ ಮಾಲೀಕರೂ ಇದ್ದಾರೆ. ಟಿಬಿಗೆ ಸರಿಯಾದ ಔಷಧಿ ಶುರುವಾಗಿ ಸಾಮಾನ್ಯವಾಗಿ ಎರಡು ವಾರದೊಳಗೆ ಹರಡೋದು ಬಹಳ ಕಮ್ಮಿ ಆಗುತ್ತೆ. ಆದ್ರೂ ಟಿಬಿ ಅಂತ ಗೊತ್ತಾದ್ರೆ ಕೆಲಸ ಹೋಗುತ್ತೆ ಅನ್ನೋ ಭಯಕ್ಕೆ ಜನ ತಿಂಗಳುಗಟ್ಟಲೆ ಕೆಮ್ಮನ್ನ ಬಚ್ಚಿಟ್ಕೋತಾರೆ, ಪರೀಕ್ಷೆ ಮಾಡಿಸಲ್ಲ. ಬಚ್ಚಿಟ್ಟ ಅಷ್ಟೂ ದಿನ ಅದು ಪಕ್ಕದ ಮೆಷಿನ್ನಿನೋರಿಗೆ ಹೋಗ್ತಿರುತ್ತೆ.

ಕೆಲಸ ಬದಲಿಸಿ ಈಗಿರೋ ಕಂಪನಿಗೆ ಬಂದ ಮೇಲೆ ಒಂದು ಟೌನ್‌ಹಾಲ್‌ನಲ್ಲಿ ನಾನು ಎದ್ದು ಕೇಳಿದೆ: ಹೌಸ್‌ಕೀಪಿಂಗ್, ಪ್ಯಾಂಟ್ರಿ, ಸೆಕ್ಯುರಿಟಿಯವರಿಗೆ ಸಂಬಳ ಸಹಿತ ಕಾಯಿಲೆ ರಜೆ ಇದೆಯಾ? ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಅವರು ನಮ್ಮ ಎಂಪ್ಲಾಯಿಗಳಲ್ಲ, ವೆಂಡರ್‌ನೋರು ಅಂತ ಉತ್ತರ ಬಂತು. ಸರಿ. ಗುತ್ತಿಗೆದಾರ ಕೂಲಿ ಕೊಡದಿದ್ರೆ ಪ್ರಧಾನ ಮಾಲೀಕನೇ ಕೊಡಬೇಕು ಅಂತ, 2025ರವರೆಗೆ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ ಹೇಳ್ತಿತ್ತು. ಕೂಲಿಯ ವಿಷಯದಲ್ಲಿ ನಮ್ಮೋರಾದವರು ಜ್ವರದ ವಿಷಯದಲ್ಲಿ ಹೇಗೆ ಹೊರಗಿನೋರಾದ್ರು? ವೆಂಡರ್ ಬಿಲ್ ಮಾಡೋದು ತಲೆಗಿಷ್ಟು, ದಿನಕ್ಕಿಷ್ಟು ಅಂತ. ಬಂದ ತಲೆಗೆ ಮಾತ್ರ ದುಡ್ಡು. ಬಾರದ ತಲೆಗೆ ನಾವು ಕೊಡಲ್ಲ, ನಾವು ಕೊಡದಿದ್ದಕ್ಕೆ ಅವನು ಕೊಡಲ್ಲ. ಅಂದ್ರೆ ಕತ್ತರಿ ಅವನ ಕೈಲಿದ್ರೂ ಅಳತೆ ಕೊಟ್ಟಿರೋದು ನಾವೇ.

ಆಮೇಲೆ ಅಡ್ಮಿನ್‌ನೋರಿಗೆ ಒಂದು ಮೇಲ್ ಹಾಕಿದೆ. ನಮ್ಮ ಕಟ್ಟಡದಲ್ಲಿ ಅಂಥವರು ಸುಮಾರು 60 ಜನ. ನಮಗಿರೋ ಹಾಗೆ ಅವರಿಗೂ ವರ್ಷಕ್ಕೆ 12 ದಿನ, ದಿನಕ್ಕೆ 500 ರೂಪಾಯಿ ಅಂತಿಟ್ಟರೆ ಒಟ್ಟು 3,60,000. ಇದನ್ನ ಕಾಂಟ್ರ್ಯಾಕ್ಟ್ ರೇಟಿನಲ್ಲೇ ಸೇರಿಸಿ ಅಂತ ಬರೆದೆ. ಎಲ್ಲರಿಗೂ ಪ್ರತಿ ವರ್ಷ ಪೂರ್ತಿ 12 ದಿನ ಜ್ವರ ಬಂದ್ರೆ ಮಾತ್ರ ಅಷ್ಟು ಖರ್ಚು ಅಂತಲೂ ಬರೆದೆ. ವೆಂಡರ್ ಜೊತೆ ಮಾತಾಡ್ತೀವಿ ಅಂತ ಮಾರನೇ ದಿನವೇ ಉತ್ತರ ಬಂತು. ಈಗ ಮೂರು ತಿಂಗಳಾಯ್ತು, ಎರಡು ಸಲ ಜ್ಞಾಪಿಸಿದ್ದೀನಿ. ಕಾಂಟ್ರ್ಯಾಕ್ಟ್ ರಿನ್ಯೂ ಆಗೋದು ಏಪ್ರಿಲ್‌ನಲ್ಲಂತೆ.